ಒಗ್ಗರಣೆ ಡಬ್ಬಿಯ ಊರುಗಳು

ಮಕ್ಕಳೇ, ನಿಮ್ಮ ಅಡುಗೆಮನೆಯಲ್ಲಿ ದುಂಡನೆಯ ಒಂದು ಡಬ್ಬಿ ಇರುತ್ತದೆ. ಅದರ ಮುಚ್ಚಳ ತೆಗೆದರೆ ಒಳಗೆ ಆರೇಳು ಪುಟ್ಟ ಬಟ್ಟಲುಗಳು. ಒಂದರಲ್ಲಿ ಸಾಸಿವೆ, ಒಂದರಲ್ಲಿ ಜೀರಿಗೆ, ಒಂದರಲ್ಲಿ ಅರಿಷಿಣ, ಇನ್ನೊಂದರಲ್ಲಿ ಕೆಂಪು ಖಾರದ ಪುಡಿ. ಹವೀಜ, ಅಂದರೆ ಕೊತ್ತಂಬರಿ ಬೀಜ, ಮೆಂತ್ಯ, ಇಂಗು ಇವೂ ಇರಬಹುದು. ಅದೇ ಒಗ್ಗರಣೆ ಡಬ್ಬಿ. ನಾನು ಚಿಕ್ಕವನಿದ್ದಾಗ ನಮ್ಮ ಮನೆಯ ಡಬ್ಬಿ ಹಿತ್ತಾಳೆಯದಾಗಿತ್ತು. ಈಗ ಸ್ಟೀಲಿನದು ಬಂದಿದೆ.

ನನ್ನ ಊರು ಸನಮಡಿ. ಸಾಂಗಲಿ ಜಿಲ್ಲೆಯ ಜತ್ತ ತಾಲೂಕಿನಲ್ಲಿದೆ. ನಮ್ಮ ಕಡೆ ಮಳೆ ಕಡಿಮೆ. ಹೊಲದಲ್ಲಿ ಜೋಳ, ಸಜ್ಜೆ ಬೆಳೆಯುತ್ತಾರೆ. ಬಾವಿಯಲ್ಲಿ ನೀರಿದ್ದವರು ದಾಳಿಂಬೆ, ದ್ರಾಕ್ಷಿ ಹಾಕುತ್ತಾರೆ. ಹೀಗಿರುವಾಗ ಆ ಡಬ್ಬಿಯಲ್ಲಿದ್ದ ಪದಾರ್ಥಗಳು ಎಲ್ಲಿ ಬೆಳೆದವು? ನಮ್ಮೂರ ಅಂಗಡಿಯವರನ್ನು ಒಮ್ಮೆ ಕೇಳಿದೆ. "ಜತ್ತದಿಂದ ತಂದೀನಿ" ಎಂದರು. "ಜತ್ತಕ್ಕ ಎಲ್ಲಿಂದ ಬಂತು?" ಎಂದೆ. "ಸಾಂಗಲಿಯಿಂದ." "ಸಾಂಗಲಿಗೆ?" ಅವರು ನಕ್ಕು ಒಂದು ಬೆಲ್ಲದ ಚೂರು ಕೊಟ್ಟು ನನ್ನನ್ನು ಮನೆಗೆ ಕಳಿಸಿದರು. ಉತ್ತರ ಸಿಗಲು ನನಗೆ ಬಹಳ ವರ್ಷ ಬೇಕಾಯಿತು. ಅದನ್ನೇ ಈಗ ನಿಮಗೆ ಹೇಳುತ್ತೇನೆ.

ಡಬ್ಬಿಯ ಬಟ್ಟಲುಗಳೆಲ್ಲ ಯಾವಾಗಲೂ ತುಂಬಿರುತ್ತಿದ್ದವು ಎಂದು ತಿಳಿಯಬೇಡಿ. 1972ರಲ್ಲಿ ಮಹಾರಾಷ್ಟ್ರಕ್ಕೆ ದೊಡ್ಡ ಬರಗಾಲ ಬಂತು. ಅದರ ಮಾತನ್ನು ನನ್ನ ಅಜ್ಜಿ ಹೇಳುತ್ತಿದ್ದಳು. ಜನ ರಸ್ತೆಯ ಕೆಲಸಕ್ಕೆ ಹೋಗಿ ಕಲ್ಲು ಒಡೆಯುತ್ತಿದ್ದರು. ಅಮೆರಿಕದಿಂದ ಬಂದ ಕೆಂಪು ಜೋಳವನ್ನು ರೇಷನ್ನಿನಲ್ಲಿ ಕೊಡುತ್ತಿದ್ದರು. ಆ ಜೋಳದ ರೊಟ್ಟಿಗೆ ಪಲ್ಯವಿಲ್ಲ, ಬೇಳೆಯಿಲ್ಲ. "ಆ ವರ್ಷ ನಮ್ಮ ಡಬ್ಬಿಯೊಳಗ ಎರಡೇ ಬಟ್ಟಲ ತುಂಬಿದ್ವು, ಒಂದು ಉಪ್ಪು, ಒಂದು ಖಾರ" ಎನ್ನುತ್ತಿದ್ದಳು ಅಜ್ಜಿ. ಜೀರಿಗೆ ಇರಲಿಲ್ಲ, ಇಂಗಿನ ಹೆಸರೇ ಇಲ್ಲ. ಅರಿಷಿಣವನ್ನು ಮಾತ್ರ ಒಂದು ಬಟ್ಟೆಯಲ್ಲಿ ಗಂಟು ಕಟ್ಟಿ ಇಟ್ಟಿದ್ದಳಂತೆ. ಗಾಯಕ್ಕೆ ಬೇಕು, ಹಬ್ಬದ ದಿನ ಹೊಸ್ತಿಲಿಗೆ ಬೇಕು ಎಂದು.

ಬಡವರ ಮನೆಯಲ್ಲಿ ಎಲ್ಲ ಹೋದರೂ ಖಾರ ಉಳಿಯಿತು. ಏಕೆ? ಅದಕ್ಕೊಂದು ಕಾರಣವಿದೆ.

ನೀವು ಕನ್ನಡದಲ್ಲಿ 'ಮೆಣಸಿನಕಾಯಿ' ಎನ್ನುತ್ತೀರಿ. ಆ ಪದದೊಳಗೆ 'ಮೆಣಸು' ಅಡಗಿದೆ. ಮರಾಠಿಯಲ್ಲಿ ಕಪ್ಪು ಕಾಳಿಗೆ 'ಮಿರೇ' ಎನ್ನುತ್ತಾರೆ, ಕೆಂಪು ಕಾಯಿಗೆ 'ಮಿರಚಿ' ಎನ್ನುತ್ತಾರೆ. ಎರಡೂ ಭಾಷೆಗಳಲ್ಲಿ ಒಂದೇ ಕಥೆ! ಮೊದಲು ನಮ್ಮ ದೇಶದಲ್ಲಿ ಇದ್ದದ್ದು ಕಪ್ಪು ಕಾಳು ಮೆಣಸು. ಖಾರಕ್ಕೆ ಅದನ್ನು ಹಾಕುತ್ತಿದ್ದರು. ಕೆಂಪು ಮೆಣಸಿನಕಾಯಿ ಆಮೇಲೆ ಬಂದ ನೆಂಟ. ಅದರ ತವರು ಅಮೆರಿಕ ಖಂಡ. ಹದಿನಾರನೆಯ ಶತಮಾನದಲ್ಲಿ ಪೋರ್ಚುಗೀಸರು ಹಡಗಿನಲ್ಲಿ ಅದನ್ನು ನಮ್ಮ ಪಶ್ಚಿಮ ಕರಾವಳಿಗೆ ತಂದರು. ಹೊಸ ಕಾಯಿಗೆ ಹೆಸರು ಇರಲಿಲ್ಲ. ಮೆಣಸಿನ ಹಾಗೆ ಖಾರವಾಗಿದೆ, ಆದರೆ ಕಾಯಿ. ಹಾಗಾಗಿ ಮೆಣಸಿನಕಾಯಿ!

ಪೋರ್ಚುಗೀಸರು ಇಲ್ಲಿಗೆ ಬಂದದ್ದು ಏಕೆ ಗೊತ್ತೇ? ಇದೇ ಕಾಳುಮೆಣಸಿಗಾಗಿ. ವಾಸ್ಕೋ ಡ ಗಾಮ 1498ರಲ್ಲಿ ಕೇರಳದ ಕೋಝಿಕ್ಕೋಡ್ ಬಳಿ ಬಂದಿಳಿದ. ಯುರೋಪಿನಲ್ಲಿ ಕಾಳುಮೆಣಸಿಗೆ ಆಗ ಬಹಳ ಬೆಲೆ. ಕರ್ನಾಟಕದ ಶರಾವತಿ ನದಿಯ ದಂಡೆಯಲ್ಲಿ ಗೇರುಸೊಪ್ಪೆ ಎಂಬ ಊರಿದೆ. ಅಲ್ಲಿ ಆಳಿದ ರಾಣಿ ಚೆನ್ನಭೈರಾದೇವಿ ಮೆಣಸಿನ ವ್ಯಾಪಾರವನ್ನು ತನ್ನ ಕೈಯಲ್ಲಿ ಇಟ್ಟುಕೊಂಡಿದ್ದಳು. ಪೋರ್ಚುಗೀಸರು ಆಕೆಯನ್ನು 'ಕಾಳುಮೆಣಸಿನ ರಾಣಿ' ಎಂದೇ ಕರೆದರು. ಒಂದು ಕಾಳಿನಿಂದ ಒಬ್ಬ ರಾಣಿಗೆ ಹೆಸರು ಬಂದದ್ದು ನನಗೆ ಬಹಳ ಇಷ್ಟವಾದ ಸಂಗತಿ.

ಆದರೆ ಕಾಳುಮೆಣಸು ಬಳ್ಳಿಯಲ್ಲಿ ಬೆಳೆಯುತ್ತದೆ. ಬಳ್ಳಿಗೆ ಹಬ್ಬಲು ಮರ ಬೇಕು, ನೆರಳು ಬೇಕು, ಮಲೆನಾಡಿನ ಮಳೆ ಬೇಕು. ನಮ್ಮ ಜತ್ತದ ಬಿಸಿಲಿನಲ್ಲಿ ಅದು ಬದುಕೀತೇ? ಮೆಣಸಿನಕಾಯಿ ಹಾಗಲ್ಲ. ಬಾವಿಯ ದಂಡೆಯಲ್ಲಿ, ಬಚ್ಚಲ ನೀರು ಹರಿಯುವ ಹಿತ್ತಲಿನಲ್ಲಿ ಕೂಡ ಬೆಳೆಯುತ್ತದೆ. ನಾಲ್ಕು ಗಿಡ ಇದ್ದರೆ ಮನೆಯ ಊಟಕ್ಕೆ ಖಾರ ಸಿಕ್ಕಿತು. ರಾಣಿಯರ, ವ್ಯಾಪಾರಿಗಳ ಕೈಯಲ್ಲಿದ್ದ ಖಾರ ಬಡವರ ಹಿತ್ತಲಿಗೆ ಬಂದದ್ದು ಹೀಗೆ. ಬರಗಾಲದಲ್ಲಿ ಅಜ್ಜಿಯ ಡಬ್ಬಿಯಲ್ಲಿ ಖಾರ ಉಳಿದದ್ದೂ ಇದರಿಂದಲೇ.

ನಮ್ಮ ಮನೆಯಲ್ಲಿ ವರ್ಷದ ಮಸಾಲಿ ಖಾರವನ್ನು ಬೇಸಿಗೆಯಲ್ಲಿ ಒಮ್ಮೆಲೇ ಮಾಡುತ್ತಿದ್ದರು. ಏಪ್ರಿಲ್ ತಿಂಗಳಲ್ಲಿ ಮೆಣಸಿನಕಾಯಿ ಮಾಳಿಗೆಯ ಮೇಲೆ ಒಣಗುತ್ತಿತ್ತು. ಅವ್ವ ಎರಡು ಬಗೆಯ ಕಾಯಿ ತರಿಸುತ್ತಿದ್ದಳು. ಒಂದು ಬ್ಯಾಡಗಿ. ಹಾವೇರಿ ಜಿಲ್ಲೆಯ ಬ್ಯಾಡಗಿ ಊರಿನ ಹೆಸರೇ ಅದಕ್ಕೆ ಬಂದಿದೆ. ಸಿಪ್ಪೆ ಸುಕ್ಕುಸುಕ್ಕು, ಖಾರ ಕಡಿಮೆ, ಬಣ್ಣ ಕಡುಕೆಂಪು. ಇನ್ನೊಂದು ಸಂಕೇಶ್ವರಿ. ಬೆಳಗಾವಿ ಜಿಲ್ಲೆಯ ಸಂಕೇಶ್ವರದ ಹೆಸರಿನದು, ತೆಳ್ಳಗೆ ಉದ್ದಗೆ ಇರುತ್ತದೆ. "ಬಣ್ಣಕ್ಕ ಬ್ಯಾಡಗಿ, ರುಚಿಗಿ ಸಂಕೇಶ್ವರಿ" ಎನ್ನುತ್ತಿದ್ದಳು ಅವ್ವ. ಅದರ ಜೊತೆಗೆ ಹವೀಜ, ಜೀರಿಗೆ, ಒಣ ಕೊಬ್ಬರಿ, ಎಳ್ಳು, ಲವಂಗ, ಚಕ್ಕೆ ಹುರಿದು ಹಾಕಬೇಕು. ಹುರಿದ ಉಳ್ಳಾಗಡ್ಡಿ, ಬೆಳ್ಳುಳ್ಳಿಯೂ ಬೀಳಬೇಕು. ಲವಂಗ ಎಷ್ಟು ಗೊತ್ತೇ? ಎಣಿಸಿ ಹಾಕುತ್ತಿದ್ದಳು! ಅಷ್ಟು ದುಬಾರಿ ಅದು.

ಕುಟ್ಟುವ ದಿನ ಓಣಿಯ ನಾಲ್ಕು ಜನ ಹೆಂಗಸರು ಕೂಡುತ್ತಿದ್ದರು. ಒರಳಿನ ಸುತ್ತ ನಿಂತು ಒನಕೆ ಎತ್ತಿ ಹಾಕುತ್ತಿದ್ದರು. ಹಾಡು ಕೇಳಲು ಚೆನ್ನಾಗಿತ್ತು, ನಿಜ. ಆದರೆ ರಾತ್ರಿ ಅವ್ವನ ಎರಡೂ ಅಂಗೈಗಳು ಉರಿಯುತ್ತಿದ್ದವು. ಅವಳು ಕೈಗೆ ಎಣ್ಣೆ ಹಚ್ಚಿಕೊಂಡು ಗೋಡೆಗೆ ಒರಗಿ ಕೂತಿರುತ್ತಿದ್ದಳು. ನಿದ್ದೆ ಬರುತ್ತಿರಲಿಲ್ಲ. ಹತ್ತಿರದ ದೊಡ್ಡ ಊರಿಗೆ ಖಾರ ಕುಟ್ಟುವ ಯಂತ್ರ ಬಂದಾಗ ಮೊದಲು ಹೋದವಳು ಅವಳೇ. ಈಗ ಅಂಗಡಿಯಲ್ಲಿ ಹತ್ತು ರೂಪಾಯಿಗೆ ಮಸಾಲೆಯ ಪೊಟ್ಟಣ ಸಿಗುತ್ತದೆ. "ಹಳೆಯ ರುಚಿ ಇಲ್ಲ" ಎಂದು ಕೆಲವರು ಪೊಟ್ಟಣವನ್ನು ಹಳಿಯುತ್ತಾರೆ. ರುಚಿಯ ಮಾತು ಸರಿ. ಆದರೂ ಅವ್ವನ ಅಂಗೈ ನೆನಪಾದರೆ ನನಗೆ ಹಳಿಯಲು ಮನಸ್ಸು ಬರುವುದಿಲ್ಲ.

ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಜಿ.ಐ. ಎಂಬ ಭೌಗೋಳಿಕ ಗುರುತು ಸಿಕ್ಕಿತು. ಇಂಥ ವಸ್ತು ಇಂಥ ಪ್ರದೇಶದ್ದೇ ಎಂದು ಸರಕಾರ ಕೊಡುವ ಗುರುತು ಅದು. ಅದರ ಬಣ್ಣವನ್ನು ತೆಗೆದು ತಿಂಡಿಗಳಿಗೆ ಹಾಕುತ್ತಾರೆ, ತುಟಿಗೆ ಹಚ್ಚುವ ಬಣ್ಣಕ್ಕೂ ಹಾಕುತ್ತಾರೆ. ಹೊರಗಿನಿಂದ ಬಂದ ನೆಂಟ ಈಗ ಮನೆಯ ಯಜಮಾನನಾಗಿದ್ದಾನೆ. ಇಂದು ಜಗತ್ತಿನಲ್ಲಿ ಹೆಚ್ಚು ಒಣ ಮೆಣಸಿನಕಾಯಿ ಬೆಳೆಯುವ ದೇಶ ನಮ್ಮದೇ.

ಇದಕ್ಕೆ ತದ್ವಿರುದ್ಧವಾದ ಕಥೆಗಳೂ ಇವೆ. ಏಲಕ್ಕಿ ನಮ್ಮ ಪಶ್ಚಿಮ ಘಟ್ಟದ ಗಿಡ. ಸುಮಾರು ನೂರು ವರ್ಷಗಳ ಹಿಂದೆ ಅದು ಮಧ್ಯ ಅಮೆರಿಕದ ಗ್ವಾಟೆಮಾಲ ದೇಶಕ್ಕೆ ಹೋಯಿತು. ಈಗ ಆ ದೇಶ ಏಲಕ್ಕಿಯಲ್ಲಿ ನಮ್ಮನ್ನು ಮೀರಿಸಿದೆ. ಕಾಳುಮೆಣಸಿನಲ್ಲಿ ವಿಯೆಟ್ನಾಂ ಮುಂದೆ ಹೋಗಿದೆ. ವಾಸ್ಕೋ ಡ ಗಾಮ ಹುಡುಕಿಕೊಂಡು ಬಂದ ದೇಶಕ್ಕೇ ಈಗ ಹೊರಗಿನಿಂದಲೂ ಮೆಣಸು ಬರುತ್ತದೆ! ಲವಂಗವನ್ನಂತೂ ನಾವು ಹೆಚ್ಚಾಗಿ ಹೊರದೇಶಗಳಿಂದಲೇ ತರಿಸುತ್ತೇವೆ.

ಇನ್ನು ನಮ್ಮ ಜಿಲ್ಲೆಯ ಹೆಮ್ಮೆಯ ಬಟ್ಟಲಿಗೆ ಬರೋಣ. ಅದೇ ಅರಿಷಿಣ.

ಅರಿಷಿಣವನ್ನು ಬೇಸಿಗೆಯ ಕೊನೆಗೆ ನೆಡುತ್ತಾರೆ. ಸುಮಾರು ಒಂಬತ್ತು ತಿಂಗಳು ಅದು ನೆಲದಲ್ಲಿರುತ್ತದೆ. ಎಲೆ ಒಣಗಿದ ಮೇಲೆ ಅಗೆಯುತ್ತಾರೆ. ಹಸಿ ಕೊಂಬುಗಳನ್ನು ಬೇಯಿಸಿ, ಎರಡು ವಾರ ಬಿಸಿಲಿಗೆ ಒಣಗಿಸಿ, ಉಜ್ಜಿ ಹೊಳಪು ಕೊಡುತ್ತಾರೆ. ನೂರು ಕಿಲೋ ಹಸಿ ಅರಿಷಿಣ ಒಣಗಿದರೆ ಇಪ್ಪತ್ತು ಕಿಲೋದಷ್ಟು ಉಳಿಯುತ್ತದೆ. ಕೃಷ್ಣಾ ದಂಡೆಯ ಹೊಲಗಳಿಂದ, ಅತ್ತ ಬೆಳಗಾವಿ ಜಿಲ್ಲೆಯಿಂದ, ಇನ್ನೂ ದೂರದ ತೆಲಂಗಾಣದಿಂದ ಕೂಡ ಅರಿಷಿಣ ಸಾಂಗಲಿಯ ಪೇಟೆಗೆ ಬರುತ್ತದೆ. ಸಾಂಗಲಿ ಅರಿಷಿಣಕ್ಕೆ 2018ರಲ್ಲಿ ಜಿ.ಐ. ಗುರುತು ಸಿಕ್ಕಿದೆ.

ಸಾಂಗಲಿಗೆ ಈ ಹೆಸರು ಬಂದದ್ದು ಬೆಳೆಯಿಂದ ಮಾತ್ರವಲ್ಲ. ಬೆಳೆದದ್ದನ್ನು ಇಡುವ ಜಾಣತನದಿಂದಲೂ ಬಂದಿದೆ. ನಮ್ಮ ಕಡೆ ಜೋಳ ಇಡಲು ನೆಲದಲ್ಲಿ ಹಗೇವು ತೋಡುತ್ತಿದ್ದರು, ಕೇಳಿದ್ದೀರಾ? ಮರಾಠಿಯಲ್ಲಿ ಅದಕ್ಕೆ 'ಪೇವ' ಎನ್ನುತ್ತಾರೆ. ಸಾಂಗಲಿಗೆ ಹತ್ತಿದ ಹರಿಪುರ ಎಂಬ ಊರಿದೆ. ಅಲ್ಲಿ ಕೃಷ್ಣಾ ಮತ್ತು ವಾರಣಾ ನದಿಗಳು ಕೂಡುತ್ತವೆ. ಅಲ್ಲಿಯ ಮಣ್ಣು ಗಟ್ಟಿ. ತೋಡಿದರೆ ಕುಸಿಯುವುದಿಲ್ಲ. ಆ ಮಣ್ಣಿನಲ್ಲಿ ಅರಿಷಿಣದ ಹಗೇವುಗಳನ್ನು ತೋಡಿದ್ದರು. ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟು ಸಣ್ಣದು, ಹೊಟ್ಟೆ ಕೋಣೆಯಷ್ಟು ದೊಡ್ಡದು. ಕೆಳಗೆ ಮತ್ತು ಸುತ್ತಲೂ ಒಣ ಸೋಗೆ ಹಾಸಿ, ಅರಿಷಿಣ ತುಂಬಿ, ಬಾಯಿಗೆ ಮಣ್ಣು ಮುಚ್ಚುತ್ತಿದ್ದರು. ಒಳಗಿನ ಗಾಳಿ ಕೆಟ್ಟುಹೋಗಿ ಹುಳು ಬದುಕುತ್ತಿರಲಿಲ್ಲ. ಅರಿಷಿಣ ಮಾತ್ರ ವರ್ಷಗಟ್ಟಲೆ ಕೆಡದೆ ಇರುತ್ತಿತ್ತು. ದರ ಕಡಿಮೆ ಇದ್ದಾಗ ತುಂಬುವುದು, ದರ ಏರಿದಾಗ ತೆಗೆಯುವುದು. ಪೇಟೆಗೆ ಅದೊಂದು ನೆಲದೊಳಗಿನ ತಿಜೋರಿ.

ನನ್ನ ದೊಡ್ಡಪ್ಪ ಅಲ್ಲಿ ಹಮಾಲಿ ಮಾಡುತ್ತಿದ್ದರು. ಸನಮಡಿಯಲ್ಲಿ ಮಳೆ ಕೈಕೊಟ್ಟ ಒಂದು ವರ್ಷ ಸಾಂಗಲಿಗೆ ಹೋದವರು ಅಲ್ಲೇ ನಿಂತರು. ಜಾತ್ರೆಗೆ ಊರಿಗೆ ಬಂದಾಗ ಅವರ ಉಗುರು, ಅಂಗಾಲು, ಧೋತರದ ಅಂಚು ಎಲ್ಲ ಹಳದಿ. ನಾವು ಮಕ್ಕಳು ಅವರ ಕಾಲು ನೋಡಿ ನಗುತ್ತಿದ್ದೆವು. ಒಂದು ಬೇಸಿಗೆ ರಜೆಯಲ್ಲಿ ಅವರು ನನ್ನನ್ನು ಹರಿಪುರಕ್ಕೆ ಕರೆದುಕೊಂಡು ಹೋದರು.

ಹಗೇವಿನ ಬಾಯಿ ತೆರೆದು ಬಹಳ ಹೊತ್ತು ಹಾಗೇ ಬಿಟ್ಟಿದ್ದರು. ಯಾರೂ ಒಳಗೆ ಇಳಿಯಲಿಲ್ಲ. ಆಮೇಲೆ ದೊಡ್ಡಪ್ಪ ಒಂದು ಕಂದೀಲನ್ನು ಹಗ್ಗಕ್ಕೆ ಕಟ್ಟಿ ಮೆಲ್ಲಗೆ ಒಳಗೆ ಇಳಿಸಿದರು. ಎಲ್ಲರೂ ಬಗ್ಗಿ ಅದನ್ನೇ ನೋಡುತ್ತಿದ್ದರು. ದೀಪ ಸಣ್ಣಗಾಯಿತು, ಆರಿಹೋಯಿತು. ದೊಡ್ಡಪ್ಪ ಕಂದೀಲು ಮೇಲೆ ಎಳೆದು ದೂರ ಕೂತು ಎಲೆಡಿಕೆ ಹಾಕಿಕೊಂಡರು.

"ಇಳಿಯೂದಿಲ್ಲೇನ ದೊಡ್ಡಪ್ಪ?" ಎಂದೆ.

"ದೀಪಕ್ಕ ಗಾಳಿ ಸಾಲಲಿಲ್ಲಂದ್ರ ಮನಷ್ಯಾಗ ಸಾಲತೈತೇನ ತಮ್ಮಾ?" ಎಂದರು.

ಮತ್ತೆರಡು ಸಲ ಕಂದೀಲು ಇಳಿಸಿದರು. ಮೂರನೆಯ ಸಲ ದೀಪ ಆರಲಿಲ್ಲ. ಆಗ ದೊಡ್ಡಪ್ಪ ಸೊಂಟಕ್ಕೆ ಹಗ್ಗ ಬಿಗಿದು ಮೊದಲು ತಾವೇ ಇಳಿದರು. ಮೇಲೆ ನಿಂತವರಿಗೆ ಕೇಳುವಂತೆ ಏನಾದರೂ ಮಾತಾಡುತ್ತಲೇ ಇದ್ದರು. ಮಾತು ನಿಂತರೆ ಕೂಡಲೇ ಹಗ್ಗ ಎಳೆಯಬೇಕು, ಅದು ಅವರ ನಿಯಮ. ಸ್ವಲ್ಪ ಹೊತ್ತಿಗೆ ಬುಟ್ಟಿ ತುಂಬಿ ಹಳದಿ ಕೊಂಬುಗಳು ಮೇಲೆ ಬಂದವು. ಅವು ನೆಲದೊಳಗೆ ಇಳಿದು ಎರಡು ವರ್ಷವಾಗಿದ್ದವು. ಒಡೆದು ನೋಡಿದರೆ ಒಳಗೆ ಕೆಂಡದ ಹಾಗೆ ಬಣ್ಣ.

2005ರ ಮಳೆಗಾಲದಲ್ಲಿ ಕೃಷ್ಣಾ ನದಿಗೆ ಭಾರಿ ಮಹಾಪೂರ ಬಂತು. ಸಾಂಗಲಿಯ ಬೀದಿಗಳಲ್ಲಿ ದೋಣಿ ಓಡಾಡಿದವು. ನೀರು ಹರಿಪುರದ ಹಗೇವುಗಳಿಗೂ ನುಗ್ಗಿತು. ವರ್ಷಗಟ್ಟಲೆ ಕಾದಿಟ್ಟ ಅರಿಷಿಣ ಕೊಳೆತುಹೋಯಿತು. ಬಹಳಷ್ಟು ಹಗೇವುಗಳು ಕುಸಿದು ಹಾಳಾದವು. ಆಮೇಲೆ ವ್ಯಾಪಾರಿಗಳು ಸಿಮೆಂಟಿನ ಗೋದಾಮುಗಳನ್ನು, ತಂಪು ಕೋಣೆಗಳನ್ನು ನಂಬಿದರು. ಅಲ್ಲಿ ಹಗೇವಿನೊಳಗೆ ಇಳಿಯುವ ಅಪಾಯ ಮನುಷ್ಯನಿಗೆ ಇಲ್ಲ. ಅದು ಒಳ್ಳೆಯದೇ. ಆದರೆ ದೊಡ್ಡಪ್ಪನಿಗೆ ಆಗ ವಯಸ್ಸಾಗಿತ್ತು. ಚೀಲ ಹೊತ್ತು ಗೋದಾಮಿನ ಮೆಟ್ಟಿಲು ಹತ್ತುವ ಶಕ್ತಿ ಇರಲಿಲ್ಲ. ಯಾವ ಹಗೇವಿಗೆ ಎಷ್ಟು ಹೊತ್ತು ಗಾಳಿ ಬಿಡಬೇಕು ಎಂಬ ಅವರ ವಿದ್ಯೆ ಅಲ್ಲಿ ಯಾರಿಗೂ ಬೇಕಾಗಲಿಲ್ಲ. ಅವರು ಸನಮಡಿಗೆ ಮರಳಿ ಹತ್ತು ಕುರಿ ಸಾಕಿಕೊಂಡರು. ಉಗುರಿನ ಹಳದಿ ಆ ವರ್ಷವೇ ಹೋಯಿತು. "ಈಗ ನನ್ನ ಕಾಲು ನೋಡಿ ಯಾರೂ ನಗೂದಿಲ್ಲ ತಮ್ಮಾ" ಎಂದಿದ್ದರು ಒಮ್ಮೆ.

ಇಷ್ಟೆಲ್ಲ ಅರಿಷಿಣವನ್ನು ತಿನ್ನುವವರು ಯಾರು? ಹೊರದೇಶದವರು ಎಂದು ಬಹಳ ಜನ ತಿಳಿದಿದ್ದಾರೆ. ಬನ್ನಿ, ಒಂದು ಲೆಕ್ಕ ಮಾಡೋಣ. ನಿಮ್ಮ ಪಾಟಿ ತೆಗೆದುಕೊಳ್ಳಿ.

2022-23ನೇ ಸಾಲಿನಲ್ಲಿ ಭಾರತದಲ್ಲಿ 11.61 ಲಕ್ಷ ಟನ್ ಅರಿಷಿಣ ಬೆಳೆಯಿತು. ಒಂದು ಟನ್ ಎಂದರೆ 1,000 ಕಿಲೋ. ಜಗತ್ತಿನ ಅರಿಷಿಣದ ನಾಲ್ಕರಲ್ಲಿ ಮೂರು ಪಾಲು ನಮ್ಮ ದೇಶದ್ದೇ. ಅದೇ ವರ್ಷ ಹೊರಗೆ ಮಾರಿದ್ದು ಸುಮಾರು 1.53 ಲಕ್ಷ ಟನ್. ಬಾಂಗ್ಲಾದೇಶ, ಅರಬರ ನಾಡು, ಅಮೆರಿಕ, ಮಲೇಷ್ಯಾಗಳಿಗೆ ಅದು ಹೋಗುತ್ತದೆ. ಈಗ ಕಳೆಯಿರಿ. ಉಳಿದದ್ದು ಸುಮಾರು 10 ಲಕ್ಷ ಟನ್. ಎಂಟು ಬುಟ್ಟಿ ಬೆಳೆದರೆ ಸುಮಾರು ಏಳು ಬುಟ್ಟಿ ನಮ್ಮಲ್ಲೇ ಉಳಿಯುತ್ತದೆ! ಅದನ್ನು ನಮ್ಮ 140 ಕೋಟಿ ಜನರಿಗೆ ಹಂಚಿದರೆ ತಲೆಗೆ 700 ಗ್ರಾಂನಷ್ಟು ಬರುತ್ತದೆ. ಅಷ್ಟನ್ನೂ ಊಟದಲ್ಲೇ ತಿನ್ನುವುದಿಲ್ಲ. ಬೀಜಕ್ಕೆ, ಔಷಧಕ್ಕೆ, ಪೂಜೆಗೆ, ಮದುವೆಗೆ, ಕುಂಕುಮಕ್ಕೂ ಹೋಗುತ್ತದೆ. ಕೊರೊನಾ ಬಂದ 2020ರಲ್ಲಿ ಮನೆಮನೆಯಲ್ಲಿ ಅರಿಷಿಣದ ಹಾಲು ಕುಡಿದರು. ಹೊರದೇಶದವರೂ ಆಗ ಹೆಚ್ಚು ಅರಿಷಿಣ ಕೊಂಡರು.

ಎಲ್ಲ ಸಾಂಬಾರ ಪದಾರ್ಥಗಳನ್ನು ಕೂಡಿಸಿದರೂ ಲೆಕ್ಕ ಮೇಲಕ್ಕೇ ಹೋಗಿದೆ. ಬೆಳ್ಳುಳ್ಳಿ, ಶುಂಠಿಯನ್ನೂ ಸೇರಿಸಿ 2014-15ರಲ್ಲಿ ದೇಶದಲ್ಲಿ 67.64 ಲಕ್ಷ ಟನ್ ಬೆಳೆದಿತ್ತು. 2020-21ರಲ್ಲಿ ಅದು 106.79 ಲಕ್ಷ ಟನ್ ಆಯಿತು. ಆರೇ ವರ್ಷದಲ್ಲಿ ಇಷ್ಟು ಏರಿಕೆ! ಅಜ್ಜಿಯ ಕಾಲದಲ್ಲಿ ಹಬ್ಬಕ್ಕೆ ಮಾತ್ರ ಬೀಳುತ್ತಿದ್ದ ಮಸಾಲೆ ಈಗ ದಿನದ ಪಲ್ಯಕ್ಕೂ ಬೀಳುತ್ತದೆ. ನೀವು ಶಾಲೆಯ ಬಿಡುವಿನಲ್ಲಿ ತಿನ್ನುವ ಕುರುಕುರು ಪೊಟ್ಟಣದಲ್ಲೂ ಅದೇ ಮಸಾಲೆ.

ಬೆಳೆ ಏರಿತು ಎಂದರೆ ರೈತನ ಕೈಗೆ ಹಣ ಏರಿತು ಎಂದಲ್ಲ. ಅರಿಷಿಣದ ದರ 2010ರಲ್ಲಿ ಕ್ವಿಂಟಲಿಗೆ 15,000 ರೂಪಾಯಿ ದಾಟಿತ್ತು. ಅದನ್ನು ನೋಡಿ ಕಬ್ಬು ಬಿಟ್ಟವರು, ಹತ್ತಿ ಬಿಟ್ಟವರು ಎಲ್ಲರೂ ಅರಿಷಿಣ ಹಾಕಿದರು. ಒಂಬತ್ತು ತಿಂಗಳ ಮೇಲೆ ಎಲ್ಲರ ಬೆಳೆಯೂ ಒಟ್ಟಿಗೆ ಪೇಟೆಗೆ ಬಂತು. 2012ರ ಹೊತ್ತಿಗೆ ದರ 5,000 ರೂಪಾಯಿಗಿಂತ ಕೆಳಗೆ ಬಿತ್ತು. ಅಗೆದ ಕೂಲಿ, ಬೇಯಿಸಿದ ಸೌದೆಯ ಖರ್ಚು ಹುಟ್ಟುವುದೂ ಕಷ್ಟವಾಯಿತು. ಮರುವರ್ಷ ಜನ ಅರಿಷಿಣ ಬಿಟ್ಟರು. ಬಿಟ್ಟ ಮೇಲೆ ದರ ಮತ್ತೆ ಏರತೊಡಗುತ್ತದೆ. ತೊಟ್ಟಿಲು ಒಮ್ಮೆ ಅತ್ತ, ಒಮ್ಮೆ ಇತ್ತ.

ಜೀರಿಗೆಯದೂ ಇದೇ ಆಟ. ಜೀರಿಗೆ ಹೆಚ್ಚಾಗಿ ಬೆಳೆಯುವುದು ಗುಜರಾತ ಮತ್ತು ರಾಜಸ್ಥಾನದಲ್ಲಿ. ಗುಜರಾತದ ಉಂಝಾ ಎಂಬ ಊರು ಅದರ ದೊಡ್ಡ ಪೇಟೆ. 2023ರಲ್ಲಿ ಅಲ್ಲಿ ಅಕಾಲ ಮಳೆ ಸುರಿಯಿತು. ಹಳೆಯ ದಾಸ್ತಾನು ಕಡಿಮೆ ಇತ್ತು. ಆ ಬೇಸಿಗೆ ದಾಟುವಷ್ಟರಲ್ಲಿ ದರ ಕ್ವಿಂಟಲಿಗೆ 60,000 ರೂಪಾಯಿ ಮುಟ್ಟಿತು. ಅಂದರೆ ಪೇಟೆಯಲ್ಲೇ ಕಿಲೋಗೆ 600 ರೂಪಾಯಿ. ಸಾವಿರ ಕಿಲೋಮೀಟರಿನಷ್ಟು ದೂರದಲ್ಲಿ ಬಿದ್ದ ಮಳೆಗೆ ನಮ್ಮೂರಿನ ಒಗ್ಗರಣೆಯಲ್ಲಿ ಜೀರಿಗೆ ಕಡಿಮೆಯಾಯಿತು. ಮರುವರ್ಷ ಅಲ್ಲಿಯ ರೈತರು ಬಹಳ ಜೀರಿಗೆ ಬಿತ್ತಿದರು. ದರ ಅರ್ಧಕ್ಕೆ ಇಳಿಯಿತು.

ಡಬ್ಬಿಯಲ್ಲಿ ಒಂದು ಬಟ್ಟಲು ಉಳಿಯಿತು, ಇಂಗು. 'ಇಂಗು ತೆಂಗು ಇದ್ದರೆ ಮಂಗನೂ ಅಡುಗೆ ಮಾಡೀತು' ಎಂಬ ಗಾದೆ ನಮ್ಮಲ್ಲಿದೆ. ಗಾದೆ ನಮ್ಮದು, ಇಂಗು ನಮ್ಮದಲ್ಲ! ಅದೊಂದು ಗಿಡದ ಬೇರಿನ ಹಾಲು. ಆ ಗಿಡ ಅಫಘಾನಿಸ್ತಾನ, ಇರಾನ್, ಉಜ್ಬೇಕಿಸ್ತಾನದ ಚಳಿಯ ಒಣ ಬೆಟ್ಟಗಳಲ್ಲಿ ಬೆಳೆಯುತ್ತದೆ. ಅಲ್ಲಿಂದ ಬಂದ ಅಂಟಿಗೆ ಇಲ್ಲಿ ಹಿಟ್ಟು ಬೆರೆಸಿ ಡಬ್ಬಿಗೆ ತುಂಬುತ್ತಾರೆ. 2020ರ ಅಕ್ಟೋಬರ್ ತಿಂಗಳಲ್ಲಿ ನಮ್ಮ ವಿಜ್ಞಾನಿಗಳು ಹಿಮಾಚಲ ಪ್ರದೇಶದ ಲಾಹೌಲ್ ಕಣಿವೆಯ ಹೊಲವೊಂದರಲ್ಲಿ ಇಂಗಿನ ಸಸಿ ನೆಟ್ಟರು. ಅದರ ಬೇರಿನಲ್ಲಿ ಹಾಲು ಬರಲು ಐದು ವರ್ಷವಾದರೂ ಬೇಕು. ಬೆಟ್ಟದ ಹಿಮದಲ್ಲಿ ಆ ಗಿಡಗಳು ಚಳಿಗಾಲಕ್ಕೆ ಮಲಗಿ, ಬೇಸಿಗೆಗೆ ಮತ್ತೆ ಚಿಗುರುತ್ತವೆ.

ನಮ್ಮೂರ ಅಂಗಡಿಯಲ್ಲಿ ಈಗ ಆ ಹಳೆಯ ಅಂಗಡಿಯವರ ಮಗ ಕೂರುತ್ತಾನೆ. ಅವನನ್ನು ಯಾರಾದರೂ "ಜೀರಿಗೆ ಎಲ್ಲಿಂದ ಬಂತು?" ಎಂದು ಕೇಳಿದರೆ ಪೊಟ್ಟಣವನ್ನು ತಿರುಗಿಸಿ ಕೊಡುತ್ತಾನೆ. ಹಿಂಬದಿಯಲ್ಲಿ ಸಣ್ಣ ಅಕ್ಷರದಲ್ಲಿ ಒಂದು ಊರಿನ ಹೆಸರು ಇರುತ್ತದೆ. ಅದು ಬೆಳೆದ ಊರೋ, ಬರೀ ಪೊಟ್ಟಣ ಕಟ್ಟಿದ ಊರೋ? ನೀವೂ ಒಂದು ಪೊಟ್ಟಣ ತೆಗೆದು ಓದಿ ನೋಡಿ. ನಿಮ್ಮ ನಕಾಶೆಯಲ್ಲಿ ಆ ಊರು ಎಲ್ಲಿದೆ?